ಬಾಗುವ ಸ್ಪ್ರಿಂಗಿನ ಸದ್ದು

ಐಬಿಎಂನ ಹಳೆಯ ಮಾಡೆಲ್ ಎಂ ಕೀಬೋರ್ಡ್ ಎಲ್ಲಾದರೂ ಸಿಕ್ಕರೆ ಅದರ ಒಂದು ಕೀಯನ್ನು ಮೆಲ್ಲಗೆ ಒತ್ತಿ ನೋಡಿ. ಒಳಗಿನ ಸಣ್ಣ ಸುರುಳಿ ಸ್ಪ್ರಿಂಗ್ ಮೊದಲು ಕುಗ್ಗುತ್ತದೆ, ಬೆರಳನ್ನು ತಡೆಯುತ್ತದೆ. ಇನ್ನಷ್ಟು ಒತ್ತಿದರೆ ಭಾರ ತಾಳದೆ ಥಟ್ಟನೆ ಪಕ್ಕಕ್ಕೆ ಬಾಗಿ, ಸುತ್ತಲಿನ ಕೊಳವೆಯ ಗೋಡೆಗೆ ಬಡಿಯುತ್ತದೆ. ಟಕ್! ಆ ಬಾಗಿಗೇ ಬುಡದ ಪುಟ್ಟ ತಟ್ಟೆ ವಾಲಿ, ಅಕ್ಷರ ಕಂಪ್ಯೂಟರಿಗೆ ತಲುಪುತ್ತದೆ. ಕಿವಿಗೆ ಸದ್ದು, ಬೆರಳಿಗೆ ಸಡಿಲ, ಪರದೆಗೆ ಅಕ್ಷರ: ಮೂರನ್ನೂ ಕೊಡುವುದು ಅದೊಂದೇ ಸ್ಪ್ರಿಂಗು. ಇವತ್ತು ಸದ್ದಿನ ಆಸೆಗೆ ಕೊಳ್ಳುವ ಎಷ್ಟೋ ಕೀಬೋರ್ಡುಗಳಲ್ಲಿ ಸದ್ದು ಮಾಡುವ ತುಂಡೇ ಬೇರೆ, ಸಂಪರ್ಕ ಕೂಡಿಸುವ ತುಂಡೇ ಬೇರೆ. ನನಗೆ ಆ ಸದ್ದು ಒಪ್ಪುವುದಿಲ್ಲ.

ಈ ಸ್ವಿಚ್ ರೂಪಿಸಿದವರು ಐಬಿಎಂ ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್. ಪೇಟೆಂಟ್ ಸಿಕ್ಕಿದ್ದು 1978ರಲ್ಲಿ. 1961ರಿಂದ ಸೆಲೆಕ್ಟ್ರಿಕ್ ಟೈಪ್‌ರೈಟರ್ ಮಾರುತ್ತಿದ್ದ ಕಂಪನಿಗೆ ಟೈಪಿಸ್ಟರ ಕೈ ಏನು ಬಯಸುತ್ತದೆಂದು ಚೆನ್ನಾಗಿ ಗೊತ್ತಿತ್ತು. ನೋಟ ಹಾಳೆಯ ಮೇಲಿದ್ದರೂ ಅಕ್ಷರ ಬಿತ್ತೆಂಬುದು ಬೆರಳಿಗೆ ತಿಳಿಯಬೇಕು. 1981ರಲ್ಲಿ ಮೊದಲ ಐಬಿಎಂ ಪಿಸಿಯೊಂದಿಗೆ ಬಂದ ಮಾಡೆಲ್ ಎಫ್ ಈ ಕಲೆಯ ಶಿಖರ. ಅದರಲ್ಲಿ ಲೋಹಕ್ಕೆ ಲೋಹ ತಾಗಿ ಸವೆಯುವ ಸಂಪರ್ಕವೇ ಇರಲಿಲ್ಲ. ತಟ್ಟೆ ವಾಲಿದಾಗ ಕೆಳಗಿನ ಬೋರ್ಡಿನಲ್ಲಿ ಬದಲಾಗುವ ಕೆಪಾಸಿಟೆನ್ಸನ್ನು, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿಯನ್ನು, ಸರ್ಕೀಟು ಗುರುತಿಸುತ್ತಿತ್ತು.

1985ರ ಹೊತ್ತಿಗೆ ಬಂದ ಮಾಡೆಲ್ ಎಂ ಅನ್ನೇ ಜನ ಹೆಚ್ಚು ಕೊಂಡಾಡುತ್ತಾರೆ. ಇಂದಿನ ಕೀಬೋರ್ಡುಗಳ ಕೀ ಜೋಡಣೆಗೆ ಅದರ 101 ಕೀಗಳೇ ಮಾದರಿ. ಆದರೆ ಇಳಿಜಾರು ಶುರುವಾದದ್ದೂ ಅಲ್ಲಿಂದಲೇ ಎಂದು ನನ್ನ ಎಣಿಕೆ. ಖರ್ಚು ತಗ್ಗಿಸಲು ಕೆಪಾಸಿಟೆನ್ಸ್ ಬೋರ್ಡನ್ನು ಬಿಟ್ಟು ತೆಳು ಪ್ಲಾಸ್ಟಿಕ್ ಮೆಂಬ್ರೇನ್ ಹಾಕಿದರು. ಅದನ್ನು ಉಕ್ಕಿನ ಹಲಗೆಗೆ ಹಿಡಿದಿಡಲು ಪ್ಲಾಸ್ಟಿಕ್ ರಿವೆಟ್ಟುಗಳೇ ಸಾಕೆಂದರು. ಸ್ಪ್ರಿಂಗು ಮಾತ್ರ ಉಳಿಯಿತು. ಪಿಸಿಗಳ ಬೆಲೆ ಕುಸಿದಂತೆ ಅದೂ ದುಬಾರಿಯಾಗಿ, ಎಲ್ಲೆಡೆ ರಬ್ಬರ್ ಗುಮ್ಮಟ ಬಂತು. ಅದನ್ನು ತಳದವರೆಗೂ ಅದುಮಬೇಕು. ಆಗಲೂ ಅಕ್ಷರ ಮೂಡಿತೋ ಇಲ್ಲವೋ ಎಂದು ಪರದೆಯನ್ನೇ ಕೇಳಬೇಕು.

ಐಬಿಎಂ ಈ ಕೀಬೋರ್ಡುಗಳನ್ನು ತಯಾರಿಸುತ್ತಿದ್ದ, ಕೆಂಟಕಿಯ ಲೆಕ್ಸಿಂಗ್ಟನ್ನಿನ ಕಾರ್ಖಾನೆ 1991ರಲ್ಲಿ ಲೆಕ್ಸ್‌ಮಾರ್ಕ್ ಕಂಪನಿಯ ಪಾಲಾಯಿತು. 1996ರಲ್ಲಿ ಯುನಿಕಾಂಪ್ ಎಂಬ ಚಿಕ್ಕ ಕಂಪನಿ ಕೀಬೋರ್ಡಿನ ಕೆಲಸವನ್ನು ಕೊಂಡು ಇಂದಿಗೂ ನಡೆಸುತ್ತಿದೆ. ಅವರ ಹಟಕ್ಕೆ ನಾನು ಋಣಿ. ಇತ್ತ ಹಳೆಯ ಮಾಡೆಲ್ ಎಂಗಳ ರಿವೆಟ್ಟುಗಳು ವಯಸ್ಸಾಗಿ ಒಂದೊಂದಾಗಿ ಮುರಿಯುತ್ತಿವೆ, ಹಲಗೆ ಸಡಿಲಾಗಿ ಟಕ್ ಎನ್ನುವುದು ಮಂಕಾಗುತ್ತಿದೆ. ಬಿಡಲೊಲ್ಲದವರು ಇಡೀ ಕೀಬೋರ್ಡನ್ನು ಬಿಚ್ಚಿ, ರಿವೆಟ್ಟಿನ ಜಾಗದಲ್ಲಿ ತೂತು ಕೊರೆದು, ಪುಟ್ಟ ಬೋಲ್ಟು ನಟ್ಟು ಬಿಗಿದು, ಮತ್ತೆ ಟೈಪ್ ಮಾಡಲು ಕೂರುತ್ತಾರೆ.