ಹಣದ ಚೀಲ ಹಿಡಿದ ಗೊಂಬೆಯ ಊರು

ವ್ಲಟವಾ ನದಿಯ ದಡದಲ್ಲಿರುವ ಪ್ರಾಗ್ ನಗರಕ್ಕೆ ಹೋದವರು ಹಳೆಯ ಪಟ್ಟಣದ ಚೌಕವನ್ನು ನೋಡದೆ ಹಿಂದಿರುಗುವುದಿಲ್ಲ. ಅಲ್ಲಿಯ ಪುರಭವನದ ಗೋಡೆಯಲ್ಲಿ 1410ರಲ್ಲಿ ಸ್ಥಾಪಿತವಾದ ಖಗೋಳ ಗಡಿಯಾರವಿದೆ. ಗಂಟೆ ತುಂಬುವ ಹೊತ್ತಿಗೆ ನೂರಾರು ಜನ ಅದರ ಕೆಳಗೆ ಕತ್ತೆತ್ತಿ ನಿಲ್ಲುತ್ತಾರೆ. ಅಸ್ಥಿಪಂಜರದ ರೂಪದ ಮೃತ್ಯು ಗಂಟೆ ಬಾರಿಸುತ್ತದೆ. ಮೇಲಿನ ಕಿಟಕಿಗಳಲ್ಲಿ ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರ ಗೊಂಬೆಗಳು ಸಾಲಾಗಿ ಸಾಗುತ್ತವೆ. ಪಕ್ಕದಲ್ಲಿ ಹಣದ ಚೀಲ ಹಿಡಿದು ನಿಂತ ಜಿಪುಣನೊಬ್ಬ, ಮೃತ್ಯು ಕರೆದರೂ ಬರಲೊಲ್ಲೆನೆಂಬಂತೆ ತಲೆಯಾಡಿಸುತ್ತಾನೆ. ನೆರೆದವರು ನಕ್ಕು ಮುಂದೆ ಹೋಗುತ್ತಾರೆ. ಆ ಜಿಪುಣನ ಎಚ್ಚರದಲ್ಲಿ ಕಾಲುಪಾಲಾದರೂ ತಮಗಿರಬೇಕಾಗಿತ್ತೆಂಬುದು ಅನೇಕರಿಗೆ ಹೊಳೆಯುವುದು, ಊರಿಗೆ ಮರಳಿ ಬ್ಯಾಂಕಿನ ಲೆಕ್ಕಪಟ್ಟಿ ಕೈಸೇರಿದ ಮೇಲೆ.

ಹಣದ ಚರಿತ್ರೆಯಲ್ಲಿ ಈ ನಾಡಿಗೆ ದೊಡ್ಡ ಸ್ಥಾನವಿದೆ. ಪ್ರಾಗಿಗೆ ಪೂರ್ವದಲ್ಲಿರುವ ಕುಟ್ನಾ ಹೋರಾ ಎಂಬ ಊರಿನ ಗಣಿಗಳ ಬೆಳ್ಳಿಯಿಂದ 1300ರ ಸುಮಾರಿಗೆ ಪ್ರಾಗ್ ಗ್ರೋಷೆನ್ ಎಂಬ ನಾಣ್ಯ ಹುಟ್ಟಿ ಯೂರೋಪಿನ ಮಾರುಕಟ್ಟೆಗಳಲ್ಲಿ ಓಡಾಡಿತು. ಹದಿನಾರನೆಯ ಶತಮಾನದಲ್ಲಿ ಇದೇ ಬೊಹೀಮಿಯದ ಯಾಖಿಮೋವ್ ಕಣಿವೆಯಲ್ಲಿ ಟಂಕಿಸಿದ ಬೆಳ್ಳಿಯ ನಾಣ್ಯಕ್ಕೆ, ಆ ಊರಿನ ಜರ್ಮನ್ ಹೆಸರಾದ ಯೋಆಖಿಮ್ಸ್‌ಟಾಲ್ ಎಂಬುದರಿಂದ ‘ಟಾಲರ್’ ಎಂಬ ಹೆಸರು ಬಂದಿತು. ಇಂದು ಜಗತ್ತನ್ನು ಆಳುತ್ತಿರುವ ‘ಡಾಲರ್’ ಎಂಬ ಶಬ್ದ ಆ ಕಣಿವೆಯ ಕೂಸು. ಈಗ ಅಲ್ಲಿ ನಡೆಯುವ ಹಣ 1993ರಲ್ಲಿ ಬಳಕೆಗೆ ಬಂದ ಚೆಕ್ ಕೊರುನ. ದೇಶವು 2004ರಲ್ಲಿ ಯೂರೋಪಿಯನ್ ಒಕ್ಕೂಟವನ್ನು ಸೇರಿದರೂ ಯೂರೋ ನಾಣ್ಯವನ್ನು ಸ್ವೀಕರಿಸಲಿಲ್ಲ. ಆದ್ದರಿಂದ ಹೊರಗಿನಿಂದ ಬಂದ ಪ್ರತಿಯೊಬ್ಬನೂ ಇಲ್ಲಿ ಒಂದಲ್ಲ ಒಂದು ಬಗೆಯಲ್ಲಿ ವಟ್ಟ ತೆರಲೇಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ?

ಚೌಕದ ಸುತ್ತಣ ಓಣಿಗಳಲ್ಲಿ ಹಣ ಬದಲಾಯಿಸುವ ಅಂಗಡಿಗಳು ಹೆಜ್ಜೆಹೆಜ್ಜೆಗೂ ಇವೆ. ಸರಾಫನ ಕಮಿಷನ್ ಸೊನ್ನೆಯೆಂದು ಫಲಕ ಸಾರಿದರೂ ಅವನ ಲಾಭವೆಲ್ಲ ದರದೊಳಗೇ ಅಡಗಿರಬಹುದು. ಪ್ರವಾಸಿಗರ ಗೋಳು ಹೆಚ್ಚಾದಾಗ ಅಲ್ಲಿಯ ಸರ್ಕಾರ 2019ರಲ್ಲಿ ಕಾನೂನನ್ನು ತಿದ್ದಿ, ಸಾವಿರ ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಗಳೊಳಗೆ ರದ್ದುಪಡಿಸುವ ಹಕ್ಕನ್ನು ಗಿರಾಕಿಗೆ ಕೊಟ್ಟಿತು. ರಸೀತಿಯನ್ನು ಜೋಪಾನವಾಗಿಟ್ಟವನಿಗೆ ಮಾತ್ರ ಈ ಹಕ್ಕು ಕೈಗೆಟಕುತ್ತದೆ.

‘ನಮಗೆ ಸರಾಫನ ಹಂಗಿಲ್ಲ, ಕಾರ್ಡು ಇದೆ’ ಎನ್ನುವವರ ಪರೀಕ್ಷೆ ನಡೆಯುವುದು ಊಟದ ಮೇಜಿನ ಬಳಿ. ಪರಿಚಾರಕನು ತಂದ ಯಂತ್ರದಲ್ಲಿ ಭಾರತದ ಕಾರ್ಡನ್ನು ಇಟ್ಟೊಡನೆ ಅದು ಹಲವೆಡೆ ಒಂದು ಪ್ರಶ್ನೆ ಕೇಳುತ್ತದೆ: ಕೊರುನದಲ್ಲಿಯೋ, ರೂಪಾಯಿಯಲ್ಲಿಯೋ? ಪರದೇಶದಲ್ಲಿ ರೂಪಾಯಿಯ ಹೆಸರು ಕಂಡಾಗ ನಂಟರ ಮುಖ ಕಂಡಷ್ಟು ಸಂತೋಷ. ಲೆಕ್ಕ ಸುಲಭವೆಂದು ಬೆರಳು ತಾನಾಗಿ ಅತ್ತ ಸರಿಯುತ್ತದೆ. ಮೋಸ ಹೋಗುವುದು ಅಲ್ಲಿಯೇ.

ಕೊರುನವನ್ನು ಆರಿಸಿದರೆ ದರವನ್ನು ಕಾರ್ಡು ಸಂಸ್ಥೆ ನಿರ್ಧರಿಸುತ್ತದೆ. ಅದು ಬ್ಯಾಂಕುಗಳ ನಡುವಿನ ಸಗಟು ದರಕ್ಕೆ ಬಹಳ ಸಮೀಪವಾದದ್ದು. ಅದರ ಮೇಲೆ ಊರಿನ ಬ್ಯಾಂಕು ತನ್ನ ಶುಲ್ಕವನ್ನು ಸೇರಿಸುತ್ತದೆ. ಭಾರತದಲ್ಲಿ ಇದು ಅನೇಕ ಕಾರ್ಡುಗಳಿಗೆ ನೂರಕ್ಕೆ ಎರಡರಿಂದ ಮೂರೂವರೆ. ರೂಪಾಯಿಯನ್ನು ಆರಿಸಿದರೆ ದರ ಕಟ್ಟುವವರು ಅಂಗಡಿಯ ಕಡೆಯ ಬ್ಯಾಂಕು ಅಥವಾ ವಿನಿಮಯ ಕಂಪನಿಯವರು. ಲಾಭದಲ್ಲಿ ಅಂಗಡಿಗೂ ಪಾಲುಂಟು. ಇಷ್ಟಾದರೂ ವ್ಯವಹಾರ ವಿದೇಶದ್ದೆಂಬ ಕಾರಣದಿಂದ ಊರಿನ ಕೆಲವು ಬ್ಯಾಂಕುಗಳು ಮತ್ತೊಂದು ಶುಲ್ಕ ಹಾಕುವುದೂ ಉಂಟು.

ಲೆಕ್ಕದ ಸೌಕರ್ಯಕ್ಕಾಗಿ ಕೊರುನ ಒಂದಕ್ಕೆ ನಾಲ್ಕು ರೂಪಾಯಿ ಎಂದು ಭಾವಿಸಿದರೆ, 2,000 ಕೊರುನದ ಊಟದ ಬೆಲೆ 8,000 ರೂಪಾಯಿ. ಕೊರುನದಲ್ಲಿ ತೆತ್ತವನಿಗೆ ಬ್ಯಾಂಕಿನ ಮೂರೂವರೆ ಪಾಲು 280, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 50 ರೂಪಾಯಿ 40 ಪೈಸೆ. ಒಟ್ಟು 8,330 ರೂಪಾಯಿ 40 ಪೈಸೆ. ಯಂತ್ರವು ದರದಲ್ಲಿ ನೂರಕ್ಕೆ ಹತ್ತನ್ನು ಏರಿಸಿತೆನ್ನಿ, ರೂಪಾಯಿಯನ್ನು ಒತ್ತಿದವನ ಪಾಲಿಗೆ 8,800. ಒಂದು ಊಟಕ್ಕೆ ಇದು ದೊಡ್ಡದೆನಿಸದಿರಬಹುದು. 30,000 ಕೊರುನದ ಹೋಟೆಲು ಬಾಡಿಗೆಗೆ ಇದೇ ಲೆಕ್ಕ ಹಿಡಿದರೆ ವ್ಯತ್ಯಾಸ 7,044 ರೂಪಾಯಿಗೆ ಏರುತ್ತದೆ. ಜನ್ಮದಲ್ಲಿ ಒಮ್ಮೆ ಪರದೇಶ ನೋಡಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಸಂಸಾರಕ್ಕೆ ಅದು ಎರಡು ದಿನದ ಊಟದ ಹಣವಾದೀತು, ಮನೆಯಲ್ಲುಳಿದ ಹಿರಿಯರಿಗೆ ಒಂದು ಬೆಚ್ಚನೆಯ ಶಾಲಾದೀತು.

ಪಾರಾಗುವ ದಾರಿ ಕಠಿನವಲ್ಲ. ಆಯ್ಕೆ ಗಿರಾಕಿಯದೇ ಎಂಬುದು ಕಾರ್ಡು ಸಂಸ್ಥೆಗಳ ನಿಯಮ. ಯಂತ್ರವನ್ನು ತಾನೇ ನೋಡಿ ಕೊರುನವನ್ನು ಒತ್ತಬೇಕು. ಪರಿಚಾರಕನು ಕೇಳದೆಯೇ ರೂಪಾಯಿಯನ್ನು ಒತ್ತಿದ್ದರೆ ಅಲ್ಲಿಯೇ ರದ್ದುಪಡಿಸಿ ಮತ್ತೊಮ್ಮೆ ಮಾಡುವಂತೆ ಹೇಳಬೇಕು. ನಗದು ಕೊಡುವ ಎಟಿಎಂ ಕೂಡ ಇದೇ ಬಲೆ ಒಡ್ಡುತ್ತದೆ. ಅದು ತೋರಿಸುವ ದರವನ್ನು ನಿರಾಕರಿಸಿದರೂ ಸಾಮಾನ್ಯವಾಗಿ ಹಣ ಕೊಡುತ್ತದೆ. ಹೊರಡುವ ಮೊದಲು ಕಾರ್ಡಿನ ವಿದೇಶೀ ಬಳಕೆಯನ್ನು ತೆರೆಸಿಕೊಂಡಿರಬೇಕು. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಇರುತ್ತದೆ.

ಆದರೂ ಒಂದಿಷ್ಟು ನಗದು ಜೇಬಿನಲ್ಲಿರುವುದು ಲೇಸು. ನೂರು ಕೊರುನದ ನೋಟಿನ ಮೇಲೆ ನಾಲ್ಕನೆಯ ಚಾರ್ಲ್ಸ್ ದೊರೆಯ ಮುಖವಿದೆ. 1348ರಲ್ಲಿ ಈ ನಗರಕ್ಕೆ ವಿಶ್ವವಿದ್ಯಾಲಯವನ್ನು ಕೊಟ್ಟು, 1357ರಲ್ಲಿ ಕಲ್ಲಿನ ಸೇತುವೆಗೆ ಅಡಿಗಲ್ಲಿಟ್ಟವನು ಅವನೇ. ಸಂಜೆಯ ಹೊತ್ತು ಆ ಸೇತುವೆಯ ಮೇಲೆ ನಿಂತರೆ ಕೋಟೆಯ ದೀಪಗಳು ವ್ಲಟವಾದ ನೀರಿನಲ್ಲಿ ಅಲುಗುತ್ತಿರುತ್ತವೆ. ಆ ನೋಟಕ್ಕೆ ಯಂತ್ರವಿಲ್ಲ, ದರವಿಲ್ಲ, ವಟ್ಟವೂ ಇಲ್ಲ.