ಕನ್ನಡಿಯೊಳಗಿನ ಹಸಿರು ಚುಕ್ಕೆ

ಜನವರಿಯ ಸಂಜೆ, ಮಿನಿಯಾಪೊಲಿಸ್. ಹೊರಗೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬಾಗಿಲು ದಾಟಿ ಬೂಟು ಕಳಚಲು ಬಗ್ಗುತ್ತೀರಿ. ತಲೆ ಎತ್ತಿದರೆ ಎದುರಿನ ಕನ್ನಡಿಯಲ್ಲಿ ನಿಮ್ಮ ಮುಖ, ಅದರ ಪಕ್ಕದಲ್ಲಿ ಬಿಳಿ ಅಕ್ಷರ: ‘ಒಳಗೆ 65. ಬೇಕಾದದ್ದು 68. ಹೀಟಿಂಗ್.’ ಇಲ್ಲಿನ ಲೆಕ್ಕ ಫ್ಯಾರನ್‌ಹೀಟ್. ಕೆಳಗೆ ‘ಹೊಗೆ’, ‘ಕಾರ್ಬನ್ ಮೊನಾಕ್ಸೈಡ್’, ‘ಬ್ಯಾಟರಿ’ ಎಂದು ಮೂರು ಸಾಲು, ಮೂರಕ್ಕೂ ಹಸಿರು ಚುಕ್ಕೆ. ಪ್ರತಿ ಸಾಲಿನ ತುದಿಗೆ ಸಣ್ಣದಾಗಿ ಗಂಟೆ, ನಿಮಿಷ.

“ಹಿಂದ ಹಳೇ ಮಾನಿಟರ್ ಐತಿ ನೋಡ್ರಿ” ಎನ್ನುತ್ತಾರೆ ಮನೆಯಾತ. ಹುಬ್ಬಳ್ಳಿಯವರು, ಸಾಫ್ಟ್‌ವೇರ್ ಕೆಲಸ. ಅರ್ಧ ಬೆಳಕು ಬಿಡುವ, ಅರ್ಧ ಪ್ರತಿಫಲಿಸುವ ಗಾಜು. ಅದರ ಹಿಂದೆ ಪರದೆ. ಪರದೆಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್. ಪರದೆ ಕಪ್ಪಗಿರುವಲ್ಲಿ ಕನ್ನಡಿ, ಬೆಳಗುವಲ್ಲಿ ಅಕ್ಷರ. ಇದನ್ನು ನಡೆಸುವ ಮ್ಯಾಜಿಕ್‌ಮಿರರ್ ತಂತ್ರಾಂಶವನ್ನು ನೆದರ್ಲೆಂಡ್ಸ್‌ನ ಮೈಕೆಲ್ ಟೀವ್ 2014ರಲ್ಲಿ ಶುರುಮಾಡಿದರು. ಯಾರು ಬೇಕಾದರೂ ಬಳಸಬಹುದು.

ನೆಲಮಾಳಿಗೆಯಿಂದ ಗುಂಯ್‌ಗುಡುವ ಸದ್ದು. ಮೊದಲು ಮನೆ ಬಿಸಿಮಾಡುವ ಫರ್ನೇಸ್‌ನ ಸಣ್ಣ ಫ್ಯಾನ್, ಆಮೇಲೆ ಗ್ಯಾಸ್ ಹೊತ್ತಿಕೊಳ್ಳುವ ‘ಭಪ್’, ಸ್ವಲ್ಪ ತಡೆದು ನಿಮ್ಮ ಕಾಲ ಬುಡದ ಜಾಲರಿಯಿಂದ ಬೆಚ್ಚನೆಯ ಗಾಳಿ. ಈ ಮೂರರಲ್ಲಿ ಒಂದನ್ನೂ ಕನ್ನಡಿ ಕೇಳಿಸಿಕೊಂಡಿಲ್ಲ. ಥರ್ಮೋಸ್ಟಾಟ್ 24 ವೋಲ್ಟ್‌ನ ತಂತಿಗಳನ್ನು ಕೂಡಿಸಿ ‘ಬಿಸಿ ಬೇಕು’ ಎಂದು ಕೇಳಿದೆ. ‘ಹೀಟಿಂಗ್’ ಅಂದರೆ ಇಷ್ಟೇ. ಫರ್ನೇಸ್ ಕೆಟ್ಟು ಕೂತಿದ್ದರೂ ಕನ್ನಡಿ ಅದನ್ನೇ ಬರೆಯುತ್ತಿತ್ತು. ನಿಜ ಹೇಳುವುದು 65ರ ಅಂಕಿ. ಅದು ಏರಬೇಕು.

ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತದೆ. ಆರು ತಿಂಗಳಿಗೆಂದು ಬಂದಿರುವ ತಾಯಿ ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಹಾಕುತ್ತಾರೆ. ಘಾಟು ನಿಮ್ಮ ಮೂಗಿಗೆ ಬಂತು, ಕೆಮ್ಮಿದಿರಿ. ಸೂರಿನಲ್ಲಿರುವ, ಹೊಗೆ ಕಂಡರೆ ಎಚ್ಚರಿಸುವ ಗೂಗಲ್‌ನ ಯಂತ್ರ ನೆಸ್ಟ್ ಪ್ರೊಟೆಕ್ಟ್‌ನ ಉಂಗುರ ಹಳದಿಯಾಗುತ್ತದೆ. ಅದರ ಹೊಟ್ಟೆಯೊಳಗೆ ಎರಡು ಬಗೆಯ ಬೆಳಕು ಮಿನುಗುತ್ತಿರುತ್ತದೆ, ನೀಲಿ ಮತ್ತು ಅವಗೆಂಪು. ಭಗ್ಗನೆ ಹತ್ತುವ ಬೆಂಕಿಯ ಸಣ್ಣ ಕಣಗಳನ್ನು ನೀಲಿ ಹಿಡಿದರೆ, ಹೊಗೆಯಾಡುತ್ತ ಉರಿಯುವುದರ ದೊಡ್ಡ ಕಣಗಳನ್ನು ಇನ್ನೊಂದು ಹಿಡಿಯುತ್ತದೆ. ಒಗ್ಗರಣೆಯ ಹೊಗೆಯೂ ಅದಕ್ಕೆ ಹೊಗೆಯೇ. ಇಂಗ್ಲಿಷಿನಲ್ಲಿ ಹೆಣ್ಣುದನಿಯೊಂದು ಎಚ್ಚರಿಸುತ್ತದೆ.

“ಒಗ್ಗರಣಿ ಹಾಕಿದ್ರ ಸಾಕು, ಒದರಾಕ ಹತ್ತತೈತಿ ಇದು!” ತಾಯಿ ಸೌಟು ಹಿಡಿದೇ ಹೊರಗೆ ಬರುತ್ತಾರೆ. ಮಗ ಕಿಟಕಿ ತೆರೆಯುತ್ತಾರೆ. ಮುಖಕ್ಕೆ ಹೊಡೆದಂತೆ ಚಳಿ. ನೀವು ಕನ್ನಡಿಯತ್ತ ತಿರುಗುತ್ತೀರಿ. ‘ಹೊಗೆ’ಯ ಮುಂದೆ ಇನ್ನೂ ಹಸಿರು. ದನಿ ನಿಂತ ಮೇಲೆ ಚುಕ್ಕೆ ಹಳದಿಗೆ ತಿರುಗುತ್ತದೆ. ಸುದ್ದಿ ಮನೆಯಿಂದ ಹೊರಟು ಕಂಪನಿಯ ಸರ್ವರ್ ಮುಟ್ಟಿ, ಕನ್ನಡಿ ತನ್ನ ಸರದಿಯಲ್ಲಿ ಹೋಗಿ ಕೇಳಿದಾಗ ಮಾತ್ರ ವಾಪಸು ಬರಬೇಕು. ಕಿವಿಗೆ ಅಷ್ಟರಲ್ಲಿ ಎಲ್ಲ ತಿಳಿದಾಗಿರುತ್ತದೆ.

ಆ ದಾರಿಯೂ ನೇರವಾದದ್ದಲ್ಲ. ಹೊರಗಿನವರು ನೆಸ್ಟ್ ಉಪಕರಣಗಳ ಮಾಹಿತಿ ಪಡೆಯಲು ಇದ್ದ ಹಳೆಯ ವ್ಯವಸ್ಥೆಯನ್ನು ಮುಚ್ಚುವುದಾಗಿ ಗೂಗಲ್ 2019ರಲ್ಲಿ ಸಾರಿತು. 2020ರಲ್ಲಿ ಹೊಸದು ಬಂತು; 5 ಡಾಲರ್ ಒಮ್ಮೆ ಕಟ್ಟಿದರೆ ಥರ್ಮೋಸ್ಟಾಟ್ ಮಾತಾಡುತ್ತದೆ. ಹೊಗೆಯ ಯಂತ್ರಕ್ಕೆ ಅದರಲ್ಲಿ ಜಾಗವಿಲ್ಲ. ಆದ್ದರಿಂದ ಈ ಮೂರು ಸಾಲು ಹವ್ಯಾಸಿಗಳು ಕಂಡುಕೊಂಡ ಹಿತ್ತಲ ಬಾಗಿಲಿನಿಂದ ಬರುತ್ತಿವೆ. ಅದು ಯಾವ ದಿನವೂ ಮುಚ್ಚಬಹುದು.

“ಈಗ ನೋಡ್ರಿ.” ಮಗ ರೌಟರ್‌ನ ಪ್ಲಗ್ ಕೀಳುತ್ತಾರೆ. ಫರ್ನೇಸ್‌ನ ಸದ್ದು ನಿಲ್ಲುವುದಿಲ್ಲ. ಥರ್ಮೋಸ್ಟಾಟ್‌ಗೆ ಅದರ ತಂತಿಗಳಿದ್ದರೆ ಸಾಕು. ಅವರು ಸ್ಟೂಲ್ ಹತ್ತಿ ಸೂರಿನ ಗುಂಡಿ ಒತ್ತಿ ಪರೀಕ್ಷೆ ಶುರುಮಾಡುತ್ತಾರೆ. ನೀವು ಕಿವಿ ಮುಚ್ಚಿಕೊಳ್ಳುತ್ತೀರಿ: ಮಹಡಿಯಿಂದ, ನೆಲಮಾಳಿಗೆಯಿಂದ, ತಲೆಯ ಮೇಲಿಂದ ಒಟ್ಟಿಗೇ ಚೀತ್ಕಾರ. ಇಂಟರ್ನೆಟ್ ಇಲ್ಲದಿದ್ದರೂ ಮನೆಯ ಮೂರೂ ಪ್ರೊಟೆಕ್ಟ್‌ಗಳು ತಮ್ಮದೇ ರೇಡಿಯೋದಲ್ಲಿ ಒಂದನ್ನೊಂದು ಕರೆದಿವೆ. ಕನ್ನಡಿಗೆ ಮಾತ್ರ ಏನೂ ಗೊತ್ತಿಲ್ಲ. ಅದರ ಚುಕ್ಕೆಗಳು ಒಂದೊಂದಾಗಿ ಬೂದಿಬಣ್ಣಕ್ಕೆ ಇಳಿದು, ಪಕ್ಕದಲ್ಲಿ ‘ಕೊನೆಯ ಸುದ್ದಿ 7:42’ ಎಂದು ಮೂಡುತ್ತದೆ. ಸುದ್ದಿ ನಿಂತರೂ ಹಸಿರನ್ನೇ ತೋರುವ ಪರದೆ ಮನೆಗೆ ಅಪಾಯ. ಹಾಗಾಗದಂತೆ ಈ ಬೂದಿಬಣ್ಣವನ್ನು ಅವರೇ ಬರೆದು ಸೇರಿಸಿದ್ದಾರೆ.

ಕಿವಿಯಲ್ಲಿನ್ನೂ ಗುಂಯ್ ಎನ್ನುತ್ತಿರುವಾಗ ಕೇಳುತ್ತೀರಿ: ಬೆಂಕಿಗೆ ಕಿವಿಯೇ ಸಾಕೆಂದಮೇಲೆ ಕನ್ನಡಿ ಯಾಕೆ?

“ಕೂಗದ ಸುದ್ದಿಗೆ” ಎಂದು ಅವರು ಪ್ಲಗ್ ಸಿಕ್ಕಿಸುತ್ತಾರೆ. ಫರ್ನೇಸ್ ಸತ್ತರೆ ಅದು ಕಿರುಚುವುದಿಲ್ಲ. 68 ಕೇಳಿದರೂ ಒಳಗಿನ ಅಂಕಿ ಇಳಿಯುತ್ತಲೇ ಹೋಗುತ್ತದೆ, ಎಲ್ಲರೂ ಮಲಗಿದ ಮೇಲೆ ಕೊಳಾಯಿಯ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಬಾಗಿಲ ಬಳಿ ದಿನಕ್ಕೆ ಹತ್ತಾರು ಸಲ ಹಾಯುವ ಕಣ್ಣಿಗೆ ಆ ಇಳಿಕೆ ಬೀಳಬೇಕು. ಕನ್ನಡಿಗೆ ಸಂಪರ್ಕ ಮರಳುತ್ತದೆ: ‘ಒಳಗೆ 67.’ ಕೆಳಗಿನ ಅಂಚಿನಲ್ಲಿ ನೀವು ಈವರೆಗೆ ಗಮನಿಸದ ಇನ್ನೊಂದು ಸಾಲು: ‘ಮಹಡಿ: ತಯಾರಿ 2016, ಆಯಸ್ಸು 10 ವರ್ಷ.’ ಪ್ರೊಟೆಕ್ಟ್ ತಯಾರಿಕೆ ನಿಲ್ಲಿಸುವುದಾಗಿ ಗೂಗಲ್ 2025ರ ಮಾರ್ಚ್‌ನಲ್ಲಿ ಹೇಳಿದೆ. ಬದಲಿ ಬರುವುದು ಬೇರೆ ಕಂಪನಿಯದು. ಅದು ಹಳೆಯವುಗಳ ಜೊತೆಯೂ ಮಾತಾಡುತ್ತದೆ, ಮಹಡಿಯ ಕೂಗು ನೆಲಮಾಳಿಗೆಗೆ ಮುಟ್ಟುತ್ತದೆ. ಹಾಗಾಗಿ ಮೂರನ್ನೂ ಒಟ್ಟಿಗೆ ಬದಲಿಸಬೇಕಿಲ್ಲ, ಮೊದಲು ಮಹಡಿಯದೊಂದು ಸಾಕು. ಕನ್ನಡಿಯ ಸಾಲುಗಳನ್ನು ಹೊಸದಾಗಿ ಬರೆಯುವುದು ಆಮೇಲಿನ ಮಾತು.