ಸುಟ್ಟ ಕಲ್ಲಿನ ಊರಾಗ ಅಳ್ಳಿಟ್ಟು

ಕ್ಯಾನರಿ ದ್ವೀಪಕ್ಕ ಹೋಗಿ ಬಂದ ಮ್ಯಾಲೆ ನಮ್ಮ ಓಣ್ಯಾಗಿನವರು ನನಗ ಕೇಳಿದ್ದು ಎರಡ ಪ್ರಶ್ನೆ. ಒಂದು, 'ಅದು ಎಲ್ಲೆ ಬರ್ತದವಾ?' ಇನ್ನೊಂದು, 'ಅಲ್ಲೆ ಏನ ತಿಂದ್ರಿ?' ಮೊದಲನೇದಕ್ಕ ಉತ್ತರ ಸರಳ ಅದ. ಹೆಸರಿಗೆ ಸ್ಪೇನ್ ದೇಶದ್ದು, ನಕಾಶದಾಗ ನೋಡಿದ್ರ ಆಫ್ರಿಕಾದ ಮಗ್ಗಲಿಗೆ, ಮೊರಾಕೊ ದಂಡಿಯಿಂದ ಹತ್ತರದ ದ್ವೀಪ ಸುಮಾರು 100 ಕಿಲೋಮೀಟರ್. ಮಂದಿ ಇರೋ ದ್ವೀಪ ಎಂಟು. ಎಂಟೂ ಸಮುದ್ರದ ತಳದಿಂದ ಜ್ವಾಲಾಮುಖಿ ಎದ್ದು ಆಗಿದ್ದು. ಎರಡನೇ ಪ್ರಶ್ನೆದ ಉತ್ತರ ಸ್ವಲ್ಪ ಉದ್ದ ಅದ. ಒಬ್ಬೊಬ್ಬರಿಗೆ ಹೇಳೋದಕಿಂತ ಇಲ್ಲೆ ಬರದು ಬಿಡ್ತೀನಿ.

ನಮ್ಮ ಮಗಳು ಅಲ್ಲಿ ಟೆನೆರಿಫೆ ದ್ವೀಪದ ಲಾ ಲಗುನಾ ಅನ್ನೋ ಊರಾಗ ಇದ್ದು ಆರು ವರ್ಷ ಆತು. ಆಕಾಶ ನೋಡೋ ಕೆಲಸ ಆಕೀದು. ಅಲ್ಲಿ ಗುಡ್ಡದ ತುದಿಗೆ, ಮೋಡದಕಿಂತ ಮ್ಯಾಲೆ, ದೊಡ್ಡ ದೊಡ್ಡ ದುರ್ಬೀನು ಕೂಡಿಸ್ಯಾರ. ಓದಲಿಕ್ಕೆ ಅಂತ ಹೋದಾಕಿ ನೌಕರಿಗೆ ನಿಂತ್ಲು, ಈ ವರ್ಷ 'ಅವ್ವಾ, ನೌಕರಿ ಪಕ್ಕಾ ಆತು' ಅಂತ ಫೋನ್ ಮಾಡಿದ್ಲು. ನಮ್ಮ ಮನೆಯವರು 'ಛಲೋ ಆತು' ಅಂದು ಪೇಪರ್ ಹಿಡ್ಕೊಂಡು ಕೂತ್ರು. ಅರ್ಧಾ ತಾಸು ಒಂದ ಪುಟಾನೂ ತಿರುವಲಿಲ್ಲ. ಪಕ್ಕಾ ಆತು ಅಂದ್ರ ಇನ್ನ ತಿರುಗಿ ಬರಂಗಿಲ್ಲ ಅಂತ ಅರ್ಥ. ಅದು ಅವರಿಗೂ ತಿಳದಿತ್ತು, ನನಗೂ ತಿಳದಿತ್ತು.

ಅವರಿಗೆ ಆ ಊರಿನ ಮ್ಯಾಲೆ ಮೊದಲಿಂದ ಒಂದು ಸಿಟ್ಟು. 2021ರಾಗ ಪಕ್ಕದ ಲಾ ಪಾಲ್ಮಾ ದ್ವೀಪದಾಗ ಜ್ವಾಲಾಮುಖಿ ಸಿಡದು, ಸಪ್ಟೆಂಬರದಿಂದ ಡಿಸೆಂಬರದ ತನಕ ಲಾವಾ ಹರೀತು. ಮನಿ, ಸಾಲಿ, ಬಾಳಿ ತ್ವಾಟ ಎಲ್ಲಾ ಅದರ ಕೆಳಗ ಹೋಗೋದನ್ನ ಇವರು ಟಿವಿಯೊಳಗ ನೋಡಿದ್ರು. ಮಗಳಿರೋ ದ್ವೀಪ ಬ್ಯಾರೆ ಅಂತ ಎಷ್ಟ ಹೇಳಿದ್ರೂ ಅಷ್ಟೂ ದಿನ ರಾತ್ರಿ ಆಕಿ ಧ್ವನಿ ಕೇಳದ ಮಲಗಲಿಲ್ಲ. ಅವತ್ತಿನಿಂದ ಇವರ ಬಾಯಾಗ ಆ ಊರಿಗೆ 'ಸುಟ್ಟ ಕಲ್ಲು' ಅಂತನ ಹೆಸರು. 'ಆ ಸುಟ್ಟ ಕಲ್ಲಿನಾಗ ಏನ ಬೆಳೀತದ? ಏನ ಉಣ್ತಾಳ?' ನಮ್ಮ ಅತ್ತಿಯವರಿಗೆ 86. ಅವರದೂ ಅದ ಚಿಂತಿ. ನಾವು ಮೇ ತಿಂಗಳದಾಗ ಹೊಂಟಾಗ ಒಂದ ಮಾತು ಹೇಳಿದ್ರು: 'ಹುಡುಗಿ ಹೊಟ್ಟಿ ತುಂಬ ಉಣ್ತದೋ ಇಲ್ಲೋ, ಅಷ್ಟ ನೋಡಿ ಬರ್ರಿ.'

ಮರುದಿನ ಮುಂಜಾನೆ ಮಗಳು ಒಂದ ಬಟ್ಟಲದಾಗ ಕಂದು ಬಣ್ಣದ ಹಿಟ್ಟು ಹಾಕಿ, ಬಿಸಿ ಹಾಲು ಸುರದು ಕಲಸಿ ಕೊಟ್ಲು. ಬಟ್ಟಲ ಮಾರಿ ಹತ್ರ ತಂದ ಕೂಡ್ಲೆ ನಾಗರಪಂಚಮಿ ವಾಸನಿ ಬಂತು ನೋಡ್ರಿ! ಜ್ವಾಳದ ಅರಳು ಬೀಸಿ ನಾವು ಅಳ್ಳಿಟ್ಟು ಮಾಡ್ತೀವಲ್ಲ, ಥೇಟ್ ಅದ ಘಮ. ಅದರ ಹೆಸರು ಗೋಫಿಯೋ. ಕಾಳನ್ನ ಮೊದಲ ಹುರದು, ಆಮ್ಯಾಲೆ ಬೀಸೋದು, ಚಿಟಿಕಿ ಉಪ್ಪು ಹಾಕೋದು, ಅಷ್ಟ. ಹಿಟ್ಟು ಆಗಲೇ ಬೆಂದದ್ದು, ಹಿಂಗಾಗಿ ಒಲಿ ಹಚ್ಚೋ ಕಾರಣ ಇಲ್ಲ. ಸ್ಪೇನ್‌ದವರು ಬರೋದಕಿಂತ ಮುಂಚೆ, ಅಂದ್ರ 1400ರ ಹಿಂದ, ಅಲ್ಲಿ ಮೂಲ ಮಂದಿ ಜವೆಗೋಧಿ ಹುರದು, ಜ್ವಾಲಾಮುಖಿ ಕಲ್ಲಿನ ಬೀಸೋ ಕಲ್ಲಿನಾಗ ಬೀಸ್ತಿದ್ರು. ಅಮೆರಿಕಾದಿಂದ ಗೋವಿನಜೋಳ ಬಂದ ಮ್ಯಾಲೆ ಅದರದೂ ಮಾಡ್ಲಿಕತ್ರು. ಈಗ ಅಂಗಡ್ಯಾಗ ಗೋಧಿದು, ಗೋವಿನಜೋಳದ್ದು, ಎರಡೂ ಕೂಡಿಸಿದ್ದು, ಎಲ್ಲಾ ಸಿಗ್ತದ.

ಕುರುಬರು ಆಡಿನ ಚರ್ಮದ ಚೀಲದಾಗ ಈ ಹಿಟ್ಟು, ನೀರು ಹಾಕಿ ಅಲ್ಲೇ ನಾದಿ ಮುದ್ದಿ ಮಾಡ್ತಿದ್ರಂತ. ಈಗ ಮನ್ಯಾಗ ಬಾಳಿಹಣ್ಣು, ಜೇನು ಹಾಕಿ ನಾದ್ತಾರ, ನಮ್ಮ ತಂಬಿಟ್ಟಿನ ಅಕ್ಕನೋ ತಂಗಿನೋ ಅನ್ನಬೇಕು. ಬಿಸಿ ಸಾರಿನಾಗ ಗೊಟಾಯಿಸಿದ್ರ ಅದಕ್ಕ ಎಸ್ಕಲ್ದೋನ್ ಅಂತಾರ. ಅದನ್ನ ತಿನ್ನೋದು ಚಮಚಾದಿಂದ ಅಲ್ಲ, ಹಸಿ ಉಳ್ಳಾಗಡ್ಡಿ ಪಕಳಿ ಬಿಡಿಸಿ, ಅದರಾಗ ಎತ್ತಿ ತಿನ್ನೋದು. ಹೋಟೆಲ್‌ದಾಗ ಮೀನಿನ ಇಲ್ಲಾ ಮಾಂಸದ ಸಾರಿನಾಗ ಮಾಡ್ತಾರ, ಸಸ್ಯಾಹಾರಿಗಳು ಕೇಳಿಕೊಂಡು ತಿನ್ರಿ. ಮಗಳು ಮನ್ಯಾಗ ಗಜ್ಜರಿ, ಕುಂಬಳಕಾಯಿ ಕುದಿಸಿದ ನೀರಾಗ ಮಾಡಿದ್ಲು.

ಮಗಳ ಮನಿ ಮ್ಯಾಲಿನ ಅಜ್ಜಿಗೆ ನಮ್ಮನ್ನ ನೋಡಿ ಭಾಳ ಖುಷಿ. ಆಕಿ ಹೇಳ್ತಾಳ, ಮಗಳು ನಮಗ ತಿಳಿಸಿ ಹೇಳ್ತಾಳ. ಸ್ಪೇನ್‌ದಾಗ 1936ರಿಂದ 1939ರ ತನಕ ಒಳಯುದ್ಧ ಆದ ಮ್ಯಾಲೆ ವರ್ಷಗಟ್ಟಲೆ ರೇಶನ್ ಕಾಲ. ಆವಾಗ ಈ ದ್ವೀಪದ ಮಂದೀನ ಉಳಿಸಿದ್ದು ಗೋಫಿಯೋ. ಕಾಳೂ ಇಲ್ಲದಲ್ಲೆ ಜರೀಗಿಡದ ಬೇರು ಒಣಗಿಸಿ, ಹುರದು, ಬೀಸಿ ತಿಂದವರಿದ್ರು. ಅಜ್ಜಿ ಇಷ್ಟು ಹೇಳಿ, ಎದ್ದು ತನ್ನ ಕಪಾಟಿನಿಂದ ಒಂದ ಪಾಕೀಟ ತಂದು ನನ್ನ ಕೈಯಾಗ ಇಟ್ಲು. 'ಇದು ಮನ್ಯಾಗ ಇದ್ರ ಯಾರೂ ಉಪವಾಸ ಮಲಗಂಗಿಲ್ಲ' ಅಂದ್ಲಂತ. ನಮ್ಮ ಮನೆಯವರು ಹುಟ್ಟಿದ್ದು ವಿಜಾಪುರ ಜಿಲ್ಲಾದಾಗ, 1972ರ ಬರಗಾಲ ಕಂಡವರು. ಅವರು ಏನೂ ಅನ್ನಲಿಲ್ಲ, ಬಟ್ಟಲ ಮಾತ್ರ ಮುಂದ ಮಾಡಿದ್ರು, ಇನ್ನೊಂದ ಸ್ವಲ್ಪ ಹಾಕು ಅಂತ.

ಎರಡನೇದು ಬಟಾಟಿ. ಅಲ್ಲಿ ಇದಕ್ಕ ಪಾಪಾ ಅಂತಾರ. ಸಣ್ಣ ಸಣ್ಣ ಬಟಾಟಿ ಸಿಪ್ಪಿ ಸಮೇತ ಸ್ವಲ್ಪ ನೀರಾಗ ಹಾಕಿ, ಮುಷ್ಟಿಗಟ್ಟಲೆ ಉಪ್ಪು ಸುರದು ಕುದಸ್ತಾರ. ಹಿಂದಕ ಸಿಹಿನೀರಿನ ತ್ರಾಸು ಅಂತ ಸಮುದ್ರದ ನೀರಾಗ ಕುದಸ್ತಿದ್ರು. ಬೆಂದ ಮ್ಯಾಲೆ ನೀರ ಬಸದು, ಪಾತೇಲಿ ಮತ್ತ ಒಲಿ ಮ್ಯಾಲಿಟ್ಟು ಅಲಗಾಡಿಸಿದ್ರ ಸಿಪ್ಪಿ ಸುಕ್ಕಾಗಿ, ಮ್ಯಾಲೆ ಉಪ್ಪಿನ ಬಿಳೇ ಪುಡಿ ಕೂಡ್ತದ. ಸಿಪ್ಪಿ ತಗೀಬಾರದು, ಹಂಗ ತಿನ್ನಬೇಕು. ಅಷ್ಟ ಉಪ್ಪು ಹಾಕಿದ್ರೂ ಒಳಗ ಉಪ್ಪಾಗಿರಂಗಿಲ್ಲ. ಅಲ್ಲಿ ಹಳೇ ತಳಿ ಬಟಾಟಿ 16ನೇ ಶತಮಾನದಾಗ ದಕ್ಷಿಣ ಅಮೆರಿಕಾದಿಂದ ಬಂದದ್ದು, ಕರೇ ಸಿಪ್ಪಿ, ಒಳಗ ಹಳದಿ. ಆಮ್ಯಾಲೆ ಇಂಗ್ಲೆಂಡದಿಂದ ಬೀಜದ ಬಟಾಟಿ ಬಂತು. 'ಕಿಂಗ್ ಎಡ್ವರ್ಡ್' ಅನ್ನೋ ತಳಿ ಅವರ ಬಾಯಾಗ 'ಚಿನೆಗ್ವಾ' ಆತು, 'ಅಪ್ ಟು ಡೇಟ್' ಅನ್ನೋದು 'ಔತೊದಾತೆ' ಆತು. ನಮ್ಮಲ್ಲೆ ಲ್ಯಾಂಟರ್ನ್ ಹೋಗಿ ಲಾಟೀನ ಆಗಿಲ್ಲೇನು, ಹಂಗ.

ಆ ಬಟಾಟಿಗೆ ಮೋಹೊ ಇಲ್ಲದ ನಡ್ಯಂಗಿಲ್ಲ. ಕೆಂಪ ಮೋಹೊ ಅಂದ್ರ ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ, ಉಪ್ಪು, ಎಣ್ಣಿ, ವಿನೆಗರ್ ಹಾಕಿ ಅರದದ್ದು. ನಮ್ಮ ರಂಜಕದ ಬಳಗ. ಖಾರ ಮಾತ್ರ ನಮ್ಮ ಅರ್ಧಾನೂ ಇಲ್ಲ. ಹಸರ ಮೋಹೊ ಕೊತಂಬರಿ ಹಾಕಿದ್ದು, ಅದು ನನಗ ಹೆಚ್ಚು ಸೇರ್ತು. ನಾನು ಧಾರವಾಡದಿಂದ ಒಯ್ದ ಗುರೆಳ್ಳ ಚಟ್ನಿಪುಡಿ ಆ ಬಟಾಟಿಗೆ ಹಚ್ಚಿ ಮ್ಯಾಲಿನ ಅಜ್ಜಿಗೆ ಕೊಟ್ಟೆ. ಆಕಿ ಕಣ್ಣಾಗ ನೀರ ಬಂದ್ರೂ ಬಟಾಟಿ ಬಿಡಲಿಲ್ಲ.

ಒಂದ ದಿವಸ ಹಡಗದಾಗ ಲಾ ಗೊಮೇರಾ ದ್ವೀಪಕ್ಕ ಹೋದ್ವಿ. ಅಲ್ಲಿ ಖರ್ಜೂರದ ಜಾತಿ ಗಿಡ ಭಾಳ ಅವ. ಸಂಜೀಕ ಗಿಡ ಹತ್ತಿ ಸುಳಿ ಕೆತ್ತಿ ಬರ್ತಾರ, ರಾತ್ರಿಯೆಲ್ಲಾ ರಸ ಇಳೀತದ, ಬಿಸಲಿಗೆ ಹುಳಿ ಬರೋದ್ರಾಗ ನಸುಕಿನ್ಯಾಗ ಇಳಿಸಿ ಕುದಿಸಿ ಬತ್ತಸ್ತಾರ. ಅದಕ್ಕ ಪಾಮ್ ಜೇನು ಅಂತ ಹೆಸರು, ಆದ್ರ ಜೇನು ಅಲ್ಲ, ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಶಿರಸಿ ಕಡೆ ಜೋನಿಬೆಲ್ಲ ತಿಂದವರಿಗೆ ಮೊದಲನೇ ಚಮಚಕ್ಕ ಗುರುತು ಸಿಗ್ತದ. ಅದನ್ನ ಫ್ರಾಂಗೊಯೊ ಮ್ಯಾಲೆ ಹಾಕಿ ತಿನ್ರಿ. ಫ್ರಾಂಗೊಯೊ ಅಂದ್ರ ಗೋವಿನಜೋಳದ ನುಚ್ಚನ್ನ ಹಾಲಿನಾಗ ಬೇಯಿಸಿ, ಒಣದ್ರಾಕ್ಷಿ, ಬದಾಮಿ, ದಾಲ್ಚಿನ್ನಿ, ನಿಂಬಿ ಸಿಪ್ಪಿ ಹಾಕಿದ ಸಿಹಿ. ಕೆಲವರು ತತ್ತಿ ಹಾಕ್ತಾರ, ಕೇಳ್ರಿ.

ಇನ್ನೂ ಎರಡು ಸೂಚನಾ. ಆಡಿನ ಹಾಲಿನ ಚೀಸ್ ಅಲ್ಲಿ ಭಾಳ ಪ್ರಸಿದ್ಧ, ಹುರದು ಮೋಹೊ ಹಾಕಿ ಕೊಡ್ತಾರ. ಆದ್ರ ಹಳೇ ಪದ್ಧತಿಯೊಳಗ ಹಾಲು ಒಡಸಲಿಕ್ಕೆ ಆಡಿನ ಮರಿ ಹೊಟ್ಯಾಗಿನ ರೆನೆಟ್ ಬಳಸ್ತಾರ. ಕಟ್ಟುನಿಟ್ಟಿನವರು ವಿಚಾರ ಮಾಡ್ರಿ. ನಾವು ತಿನ್ನಲಿಲ್ಲ. ಬರ್ರಾಕೀತೊ ಅನ್ನೋ ಪದರ ಪದರ ಕಾಫಿ ನೋಡಲಿಕ್ಕೆ ಚೆಂದ, ಅದರಾಗ ಮದ್ಯ ಇರ್ತದ. ಬ್ಯಾಡಾದವರು 'ಲೆಚೆ ಇ ಲೆಚೆ' ಅನ್ರಿ. ಹಾಲು, ಮಿಲ್ಕ್‌ಮೇಡಿನಂಥ ಗಟ್ಟಿ ಹಾಲು, ಎರಡೂ ಹಾಕಿದ ಕಾಫಿ. ನಮ್ಮ ಮನೆಯವರಿಗೆ ದಿನಾ ಎರಡು ಬೇಕಾತು.

ಕಡೀಕ ಲಾಂಜರೋಟೆ ದ್ವೀಪಕ್ಕ ಹೋದ್ವಿ. ಅಲ್ಲಿ ನೆಲ ಕರ್ರಗ. 1730ರಿಂದ 1736ರ ತನಕ ಆರು ವರ್ಷ ಜ್ವಾಲಾಮುಖಿ ಉರದು ಊರಿಗೆ ಊರ ಮುಚ್ಚಿದ್ವು. ಉಳದ ರೈತರು ಏನ ಮಾಡಿದ್ರು? ಬೂದಿ ಹಳ್ಳು ಕೆದರಿ, ಕೆಳಗಿನ ಹಳೇ ಮಣ್ಣು ಸಿಗೋ ತನಕ ಆಳದ ತಗ್ಗು ತಗದು, ತಗ್ಗಿಗೊಂದು ದ್ರಾಕ್ಷಿ ಬಳ್ಳಿ ಹಚ್ಚಿ, ಗಾಳಿಗೆ ಅಡ್ಡ ಅರ್ಧಚಂದ್ರಾಕಾರ ಕಲ್ಲು ಪೇರಿಸಿದ್ರು. ಮಳಿ ಅಲ್ಲಿ ಇಲ್ಲದಷ್ಟ. ಮ್ಯಾಲಿನ ಕರೇ ಹಳ್ಳು ರಾತ್ರಿ ತಂಪು ಹಿಡದು, ಕೆಳಗಿನ ತ್ಯಾವ ಆರಗೊಡಂಗಿಲ್ಲ. ಗುಡ್ಡದ ತನಕ ಕರೇ ತಗ್ಗು, ಒಂದೊಂದರಾಗ ಒಂದೊಂದು ಹಸರ ಬಳ್ಳಿ.

ನಮ್ಮ ಮನೆಯವರು ಕುಕ್ಕರಗಾಲಿಲೆ ಕೂತು ಆ ಹಳ್ಳು ಕೈಯಾಗ ಹಿಡದ್ರು. 'ನಾವು ಹಿಂಗಾರಿ ಜ್ವಾಳದಾಗ ಎಡಿ ಹೊಡೀತಿದ್ವಿ. ಮ್ಯಾಲಿನ ಮಣ್ಣು ಸಡಲ ಆಗಿ ಕೆಳಗಿನ ತ್ಯಾವ ಉಳೀಲಿ ಅಂತ. ಇದೂ ಅದ ಲೆಕ್ಕ' ಅಂದ್ರು.

ಮಗಳು ಮಗ್ಗಲಿಗೆ ಕೂತ್ಲು. 'ಅಪ್ಪಾ, ವಿಜಾಪುರದ ನಿಮ್ಮ ಎರಿಮಣ್ಣು ಎಲ್ಲಿಂದ ಬಂತು ಗೊತ್ತೇನು? ಅದೂ ಜ್ವಾಲಾಮುಖೀದು. ಸುಮಾರು ಆರೂವರಿ ಕೋಟಿ ವರ್ಷದ ಹಿಂದ ದಖ್ಖನ್ ತುಂಬ ಲಾವಾ ಹರದಿತ್ತು, ಆ ಕಲ್ಲು ಕರಗಿ ಆದ ಮಣ್ಣು ಅದು. ನಾವೂ ಸುಟ್ಟ ಕಲ್ಲಿನ ಮಂದೀನ.'

ಇವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮ್ಯಾಲೆ ಆಕಿ ಮಾರಿ ನೋಡಲಾರದ ಕೇಳಿದ್ರು, 'ಹಂಗಾರ ಇಲ್ಲೇ ಇರಾಕಿ, ಹೌದಲ್ಲೋ?'

'ಹೌದಪ್ಪಾ.'

'ಮನಿ ತಗೊಳ್ಳೋದಾದ್ರ ಜ್ವಾಲಾಮುಖಿ ದೂರ ಇರೋ ಕಡೆ ತಗೋ' ಅಂದ್ರು. ಮಗಳು ನಕ್ಕಳು, ನಾನೂ ನಕ್ಕೆ. ಆದ್ರ ಅವರು ಚಾಷ್ಟಿ ಮಾಡಿರಲಿಲ್ಲ. ಆರು ವರ್ಷದಾಗ ಮೊದಲನೇ ಸಲ ಆಕಿ ಅಲ್ಲಿ ಇರೋದನ್ನ ಲೆಕ್ಕಕ್ಕ ಹಿಡದು ಆಡಿದ ಮಾತು ಅದು. ಬರೋವಾಗ ಅಂಗಡಿಗೆ ತಾವ ಹೋಗಿ ಎರಡು ಕಿಲೋ ಗೋಫಿಯೋ ತಂದು, ನನ್ನ ಸೀರಿ ನಡುವ ಇಟ್ಟು ಬ್ಯಾಗ ಕಟ್ಟಿದ್ರು.

ಈ ಸಲ ಪಂಚಮಿಗೆ ನಮ್ಮನ್ಯಾಗ ಎರಡು ಅಳ್ಳಿಟ್ಟು. ಒಂದು ಜ್ವಾಳದ್ದು, ಒಂದು ಟೆನೆರಿಫೆದ್ದು. ಅತ್ತಿಯವರಿಗೆ ಹಲ್ಲಿಲ್ಲ, ಹಾಲು ಬೆಲ್ಲ ಹಾಕಿ ಮಿದು ಕಲಸಿ ಕೊಟ್ಟೆ. ಎಲ್ಲಿದು ಅಂತ ಹೇಳಲಿಲ್ಲ. ಬಾಯಾಗ ಹಾಕ್ಕೊಂಡು, ಕಣ್ಣ ಮುಚ್ಚಿ, ಸಾವಕಾಶ ನುಂಗಿದ್ರು.

'ಗೋವಿನಜೋಳ ಕೂಡಿಸ್ಯಾರ' ಅಂದ್ರು. 'ಒಂದ ಕಳಿ ಹೆಚ್ಚ ಹುರದಾರ. ಉಪ್ಪೂ ಹಾಕ್ಯಾರ. ಆದ್ರ ಕೈ ಪಳಗಿದವರದ್ದು. ಯಾರ ಮನೀದು?'

'ನಿಮ್ಮ ಮೊಮ್ಮಗಳು ದಿನಾ ಮುಂಜಾನೆ ಇದನ್ನ ತಿಂತಾಳ್ರೀ' ಅಂದೆ.

ಅತ್ತಿಯವರು ಬಟ್ಟಲ ಬಳದು ಮುಗಿಸಿದ್ರು. 'ಹಂಗಾರ ಆಕೀಗೆ ಬೆಲ್ಲ ಕಳಸ್ರಿ' ಅಂದ್ರು.